ಅಧ್ಯಕ್ಷರ ಮುಖದ ಟೆಂಟು

"ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು, ಬ್ಲೌಸ್ ಹೊಲಿಯೋಳು. ಇವಳ ಕೈಲಿ ಸ್ಕೌಟ್ ದಳ ನಡೆಸೋಕಾಗುತ್ತಾ?" ಹೀಗಂದವರು ಕಡೂರಿನ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು, ಕೊಬ್ಬರಿ ವ್ಯಾಪಾರಿ. ನನ್ನೆದುರಿಗೇ ಅಂದರು. ದಳ ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೆ ವರ್ಗವಾಗಿತ್ತು. ಇಪ್ಪತ್ತೆರಡು ಮಕ್ಕಳ ಸಮವಸ್ತ್ರ ನನ್ನ ಅಂಗಡಿಯಲ್ಲಿ ಹೊಲಿದು ಮಡಿಸಿಟ್ಟಿತ್ತು. ನಾನು ಹೊಲಿದ ಬಟ್ಟೆ ಯಾರೂ ತೊಡದೆ ಮೂಲೆಯಲ್ಲಿ ಬೀಳುವುದು ನನಗಾಗದು. ನಾನೇ ನಡೆಸ್ತೀನಿ ಅಂದೆ. ಬ್ಲೌಸಿನ ಅಳತೆ ಕತ್ತರಿಸುವ ಹಳೇ ಪೇಪರುಗಳಲ್ಲೇ ಓದು ಕಲಿತವಳಿಗೆ ಸ್ಕೌಟ್ ಪುಸ್ತಕ ಯಾವ ಲೆಕ್ಕ? ತರಬೇತಿಗೂ ಹೋಗಿ ಬಂದೆ.

ಅಧ್ಯಕ್ಷರು ಒಂದು ಷರತ್ತು ಹಾಕಿದರು. ವರ್ಷದ ಕೊನೆಗೆ ತರೀಕೆರೆಯ ಶಿಬಿರದಲ್ಲಿ ನಮ್ಮದೇ ಟೆಂಟು ನಿಲ್ಲಬೇಕು. ಇಲ್ಲದಿದ್ದರೆ ದಳದ ಕೋಣೆಗೆ ಬೀಗ. ಅಲ್ಲಿಂದ ಮುಂದೆ, ನಾನು ಮಕ್ಕಳನ್ನು ಕಟ್ಟಿಕೊಂಡು ಹೊರಟ ಒಂದು ದಿನವೂ ಸುಮ್ಮನೆ ಕಳೆಯಲಿಲ್ಲ.

ಗಂಟು

ಸ್ಕೌಟ್ ಮಕ್ಕಳು ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು. ಮಾಡುವ ತನಕ ಸ್ಕಾರ್ಫಿನ ತುದಿಯಲ್ಲಿ ಒಂದು ಗಂಟು, ಮಾಡಿದ ಮೇಲೆ ಬಿಚ್ಚಬಹುದು. ಒಂದು ಶನಿವಾರ ಸಂಜೆಯಾದರೂ ಆರು ಮಕ್ಕಳ ಗಂಟು ಹಾಗೇ ಇತ್ತು. ಬಸ್ ಸ್ಟ್ಯಾಂಡಿಗೆ ಓಡಿದರು. ಅಜ್ಜಂಪುರದ ಬಸ್ಸಿನ ಪಕ್ಕ ನಾಲ್ಕು ಚೀಲ ಕೊಬ್ಬರಿ ಬಿದ್ದಿತ್ತು. ಯಾರನ್ನೂ ಕೇಳದೆ ಆರೂ ಜನ ಸೇರಿ ಹಿಂದಿನ ಬಾಗಿಲಿಂದ ಒಳಗೆ ನೂಕಿದರು, ಗಂಟು ಬಿಚ್ಚಿದರು. ಕಂಡಕ್ಟರ್ ಚಹಾ ಮುಗಿಸಿ ಬಂದು ಸೀಟಿ ಊದಿದ, ಬಸ್ಸು ಹೋಯಿತು.

ಆ ಚೀಲಗಳು ಅದೇ ಬಸ್ಸಿನಿಂದ ಆಗ ತಾನೇ ಇಳಿದಿದ್ದವು. ಅಧ್ಯಕ್ಷರ ಮಂಡಿಗೆ ಬಂದ ಮಾಲು.

ಅಧ್ಯಕ್ಷರು ನನ್ನ ಅಂಗಡಿಗೇ ಬಂದು ಕೂಗಾಡಿದರು. ಅವರು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಗುಂಪಿನ ಚಿಕ್ಕವಳೊಬ್ಬಳು, "ಗಂಟು ವಾಪಸ್ ಹಾಕ್ಕೋಬೇಕಾ ಅಕ್ಕಾ?" ಅಂತ ಕೇಳಿದಳು.

"ಬ್ಯಾಡ ಕಣೇ," ಅಂದೆ. "ನಾಳೆ ಅಜ್ಜಂಪುರಕ್ಕೆ ಹೋಗಿ ಚೀಲ ತಂದ್ಬಿಟ್ರೆ ನಾಳೇದೂ ಮುಗೀತು."

ಇಂಟು ಗುರುತು

ದಾರಿ ಗುರುತು ಕಲಿಸಲು ಚೌಳಹಿರಿಯೂರಿನ ಕಡೆ ಕರೆದುಕೊಂಡು ಹೋದೆ. ಸುಣ್ಣದಲ್ಲಿ ಬಾಣ ಬರೆದರೆ ಈ ಕಡೆ ಬಾ, ಇಂಟು ಹಾಕಿದರೆ ಈ ಕಡೆ ಬೇಡ. ಮೊದಲ ತಂಡ ಗುರುತು ಹಾಕುತ್ತ ಹೋಗಬೇಕು, ಎರಡನೆಯದು ಅದನ್ನೇ ಹಿಡಿದು ಚಿತ್ರಾನ್ನ ಇಟ್ಟ ಜಾಗ ಹುಡುಕಬೇಕು. ಅರ್ಧ ಗಂಟೆಯಲ್ಲಿ ಮಕ್ಕಳಿಗಿಂತ ರೈತರೇ ಹೆಚ್ಚಾದರು. ಹೊಸ ರಸ್ತೆಗೆ ಸರ್ವೆ ಬಂದಿದೆ ಅಂತ ಸುದ್ದಿ ಹಬ್ಬಿತ್ತು.

ಒಬ್ಬರು ಪಹಣಿ ಹಿಡಿದೇ ಬಂದರು. ಅವರ ತೆಂಗಿನ ಮರಕ್ಕೆ ಇಂಟು ಬಿದ್ದಿತ್ತು. ಮರಕ್ಕೆಷ್ಟು ಪರಿಹಾರ ಅಂತ ಕೇಳಿದರು. ಇದು ಮಕ್ಕಳ ಆಟ, ಇಂಟು ಅಂದರೆ ದಾರಿ ಇಲ್ಲಿ ಹೋಗಲ್ಲ ಅಂತ ಅರ್ಥ, ಅಂತ ಬಿಡಿಸಿ ಹೇಳಿದೆ. ಅವರ ಮುಖ ಇನ್ನೂ ಕೆಂಪಾಯಿತು.

"ಅಂದ್ರೆ ರೋಡು ಪಕ್ಕದೋನ ತೋಟದಾಗೆ ಹೋಯ್ತದಾ? ಅವನೆಷ್ಟು ಕೊಟ್ಟ ನಿಮಗೆ?"

ಟೆಂಟು

ಟೆಂಟು ಯಾರೂ ಕೊಡಲಿಲ್ಲ. ಊರಲ್ಲಿ ಕಿತ್ತು ಬಿಸಾಡಿದ ಹುಟ್ಟುಹಬ್ಬದ ಫ್ಲೆಕ್ಸುಗಳನ್ನು ಮಕ್ಕಳಿಂದ ಆರಿಸಿ ತರಿಸಿದೆ. ನನ್ನ ಮೆಷಿನ್ನು ಫ್ಲೆಕ್ಸ್ ಹೊಲಿಯುವಂಥದಲ್ಲ. ಆದರೂ ಹೊಲಿದೆ. ಬಣ್ಣದ ಕಡೆ ಮಳೆಗೆ ಹಾಳಾಗದಿರಲಿ ಅಂತ ಅದನ್ನು ಒಳಮೈ ಮಾಡಿದೆ.

ಶಿಬಿರದ ಕೊನೆಯ ದಿನ ಅಧ್ಯಕ್ಷರು ಹೊಸ ಬೀಗವನ್ನು ಜೇಬಿನಲ್ಲಿಟ್ಟುಕೊಂಡೇ ತರೀಕೆರೆಗೆ ಬಂದರು. ಅವರು ಕಾರಿಳಿದು ಮೈದಾನದ ನಡುವೆ ಬರುವಷ್ಟರಲ್ಲಿ ಗಾಳಿ ಮಳೆ ಒಟ್ಟಿಗೇ ಹೊಡೆಯಿತು. ಬಾಡಿಗೆಗೆ ತಂದ ಟೆಂಟುಗಳು ಒಂದೊಂದಾಗಿ ಮಲಗಿದವು. ನಮ್ಮದು ನಿಂತಿತು. ಎಮ್ಮೆ ಕಟ್ಟುವ ಮನೆಗಳ ಮಕ್ಕಳು ಹಾಕಿದ ಗಂಟು ಅದು. ಅಧ್ಯಕ್ಷರಿಗೂ ಅದರೊಳಗೇ ನುಗ್ಗದೆ ಬೇರೆ ದಾರಿ ಇರಲಿಲ್ಲ.

ತಲೆ ಒರೆಸಿಕೊಂಡು ಮೇಲೆ ನೋಡಿದರು. ಅವರದೇ ಮುಖ, ಒಂದು ಮಂಚದಷ್ಟು ಅಗಲ, ಕೈಮುಗಿದುಕೊಂಡು, ತಲೆಕೆಳಗಾಗಿ. ಮಕ್ಕಳು ಒಮ್ಮೆ ಮೇಲೆ ನೋಡಿದರು, ಒಮ್ಮೆ ಅವರನ್ನು ನೋಡಿದರು.

"ಏನಮ್ಮ, ನನ್ನ ತಲೆಕೆಳಗೆ ಮಾಡಿದ್ದೀಯಾ?"

"ಮೊದಲು ನೆಟ್ಟಗೇ ಹೊಲಿದಿದ್ದೆ ಸಾರ್. ನಿಮ್ಮ ತಲೆ ಕಡೆ ತೂತಿತ್ತು, ಸೋರ್ತಿತ್ತು."

ಮಳೆ ನಿಲ್ಲುವವರೆಗೆ ಅವರು ಆ ಮುಖದ ಕೆಳಗೇ ಕೂತರು. ಮಕ್ಕಳು ಕೊಟ್ಟ ಉಪ್ಪಿಟ್ಟು ತಿಂದು, ಹೋಗುವಾಗ ಬೀಗ, ಬೀಗದಕೈ ಎರಡನ್ನೂ ನನ್ನ ಮುಂದಿಟ್ಟು ಹೋದರು.

ಈಗ ನನ್ನ ಹತ್ತಿರ ಒಂದು ಟೆಂಟು, ಒಂದು ಕೋಣೆ, ಅದರ ಬೀಗದಕೈ ಇದೆ. ಇದಕ್ಕೆಲ್ಲ ನಾನು ಕಳಕೊಂಡದ್ದು ಒಂದು ಮದುವೆ ಸೀಜನ್ನಿನ ಗಿರಾಕಿಗಳು, ಒಂದು ಡಬ್ಬಿ ಸೂಜಿ, ಮೆಷಿನ್ನಿಗೆ ಸಿಕ್ಕ ನನ್ನ ಎಡಗೈ ತೋರುಬೆರಳಿನ ಉಗುರು. ಉಗುರು ಮತ್ತೆ ಬಂದಿದೆ, ಸ್ವಲ್ಪ ಸೊಟ್ಟ. ಬೀಗ ತೆಗೆಯೋಕೆ ಬಲಗೈ ಸಾಕು.