ಸೆರಗಿಲ್ಲದವರ ಈವನಿಂಗ್ ಪರ್ಸು

ಮನೆತನದಲ್ಲಿ ಮೊದಲ ಸಲ ಡಿಗ್ರಿ ಪಡೆದವರಿಗೆ ಒಂದು ಕಾಯಿಲೆ ಇರುತ್ತದೆ. ಯಾರೂ ಕೇಳದಿದ್ದರೂ ಅದನ್ನು ಹೇಳಿಬಿಡುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನು ಸಹಿ ಕೇಳಿದರೆ ನಾನು ಹೆಸರಿನ ಮುಂದೆ ಬಿ.ಕಾಂ. ಎಂದೂ ಬರೆಯುತ್ತೇನೆ. ನಗುವವರು ನಗಲಿ. ಅಪ್ಪ ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದವನು, ಅವ್ವ ನಾವಿದ್ದ ಬಸ್ತಿಯ, ಅಂದರೆ ಕೂಲಿಕಾರರ ಕೇರಿಯ, ಹೆಂಗಸರ ರವಿಕೆ ಹೊಲಿದವಳು. ಆ ಮನೆಯಿಂದ ಕಾಲೇಜು ಮುಗಿಸಿ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯ ಲೆಕ್ಕ ವಿಭಾಗದಲ್ಲಿ ಕೂರುವುದು ಸಣ್ಣ ಮಾತಲ್ಲ. ಗಂಡನ ಮನೆಯವರು ಅಜ್ಜನ ಕಾಲದಿಂದ ಇಲ್ಲಿ ಸರ್ಕಾರಿ ನೌಕರಿಯವರು. ಅತ್ತೆ ನನ್ನನ್ನು ಪರಿಚಯಿಸುವುದೇ ‘ನಮ್ಮ ಸೊಸಿ, ಬಿ.ಕಾಂ. ಆಗ್ಯಾಳ್ರಿ’ ಎಂದು. ನಮ್ಮಪ್ಪನ ಕೆಲಸ ಏನೆಂದು ಯಾರಾದರೂ ಕೇಳುವ ಮೊದಲೇ ಅದನ್ನು ಹೇಳಿ ಮುಗಿಸುತ್ತಾರೆ. ಹೀಗಿರುವಾಗ ಹೊಲಿಗೆ ಬರುತ್ತದೆಂದು ನಾನೇಕೆ ಸಾರಲಿ? ಹೊಲಿಗೆ ಎಂದ ಕೂಡಲೇ ಜನ ಅವ್ವನ ಬಸ್ತಿಯ ತನಕ ವಿಚಾರಿಸುತ್ತಾರೆ.

ಆದರೆ ನಾದಿನಿಯ ಕಣ್ಣು ಚುರುಕು. ಹರಿದ ಚೂಡಿದಾರಕ್ಕೆ ನಾನು ಹೊಲಿಗೆ ಹಾಕುವುದನ್ನು ಎಂದೋ ನೋಡಿದ್ದಳು. ತನ್ನ ಮದುವೆಯ ರಿಸೆಪ್ಶನ್ನಿಗೆ ಬರುವ ಆಫೀಸಿನ ಗೆಳತಿಯರಿಗೆಲ್ಲ ಒಂದೇ ತರಹದ ಪರ್ಸು ಬೇಕೆಂದು ನನ್ನ ಬೆನ್ನುಹತ್ತಿದಳು.

‘ವೈನಿ, ಈವನಿಂಗ್ ಪರ್ಸ್ ರೀ. ಅಂಗಡ್ಯಾಗಿನ್ನವು ಬ್ಯಾಡ, ಕೈಲೆ ಹೊಲದದ್ದು ಬೇಕು.’

‘ಸಂಜಿಗೇ ಬ್ಯಾರೆ ಪರ್ಸ್ ಅಂದ್ರ ಮುಂಜಾನಿದೂ ಒಂದು ಇರ್ತೈತೇನ?’ ಎಂದರು ಅತ್ತೆ.

ಯಾರು ಕೇಳಿದರೂ ಕೋಠಿ ಬಜಾರಿನಲ್ಲಿ ಕೊಂಡದ್ದು ಎನ್ನಬೇಕೆಂಬ ಕರಾರಿನ ಮೇಲೆ ಒಪ್ಪಿದೆ. ಅತ್ತೆಯ ಹಳೆಯ ರೇಷ್ಮೆ ಸೀರೆ ಕತ್ತರಿಸಿ, ಒಳಗೆ ಅಸ್ತರು ಕೊಟ್ಟು, ಬಾಯಿಗೆ ಲಾಡಿ ಪೋಣಿಸಿ ಪುಟ್ಟ ಚೀಲಗಳನ್ನು ಹೊಲಿದೆ. ಲಿಪ್‌ಸ್ಟಿಕ್ಕು, ಮೊಬೈಲು ಹಿಡಿದರೆ ಸಾಕಿತ್ತು. ಆದರೂ ಅಂಚನ್ನೆಲ್ಲ ಎರಡೆರಡು ಸಲ ಹೊಲಿದೆ. ಕೈ ಅವ್ವನದು, ಡಿಗ್ರಿಯ ಮಾತು ಕೇಳುವುದಿಲ್ಲ.

ಹಿಮಾಯತ್‌ನಗರದ ಫಂಕ್ಷನ್ ಹಾಲಿನಲ್ಲಿ ಗೆಳತಿಯರು ಲೆಹೆಂಗಾ ಉಟ್ಟು ಬಂದರು. ಒಬ್ಬಳು ಪರ್ಸಿನ ಬಾಯಿ ಅಗಲಿಸಿ ಅಸ್ತರಿನ ಬಣ್ಣ ತೋರಿಸುತ್ತಿದ್ದಳು. ಅಲ್ಲೇ ಮುತ್ತೈದೆಯರಿಗೆ ಉಡಿ ತುಂಬುತ್ತ ಕೂತಿದ್ದವರು ಅತ್ತೆಯ ಅಕ್ಕ, ಆಳಂದದ ದೊಡ್ಡಮ್ಮ. ಉಡಿಯನ್ನು ಸೆರಗಿನಲ್ಲಿ ಹಿಡಿಯುವುದು ನಮ್ಮ ಪದ್ಧತಿ. ದೊಡ್ಡಮ್ಮ ಆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು.

‘ಸೆರಗಿಲ್ಲಲ್ಲ ಪಾಪ, ಅದಕ್ಕ ಚೀಲಾನ ತಂದಾವ. ಶಾಣ್ಯಾ ಹುಡುಗ್ಯಾರು!’

ಒಂದು ಬೊಗಸೆ ಅಕ್ಕಿ ಸುರಿದೇಬಿಟ್ಟರು. ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು. ‘ಆಂಟೀ, ಯೇ ಕ್ಯಾ ಹೈ?’ ಎಂದು ಹುಡುಗಿ ಹೌಹಾರಿದರೆ, ದೊಡ್ಡಮ್ಮ ತಮ್ಮ ದಖನಿ ಉರ್ದುವಿನಲ್ಲಿ ‘ನಕ್ಕೊ ಬೋಲ್ನಕ್ಕೊ ಬೇಟಾ’ ಎಂದು, ಬೇಡ ಅನ್ನಬಾರದೆಂದು ತಿಳಿಹೇಳಿ, ಉಳಿದವರನ್ನೂ ಸಾಲಾಗಿ ನಿಲ್ಲಿಸಿ ತುಂಬಿದರು. ಯಾರದೋ ಮೊಬೈಲು ಅಕ್ಕಿಯ ತಳದಿಂದ ಹಾಡತೊಡಗಿತು.

ನನಗೆ ನಗು ಬರಲಿಲ್ಲ. ಮದುವೆಯಲ್ಲಿ ಉಡಿ ನೆಲಕ್ಕೆ ಚೆಲ್ಲಿದರೆ ಅಪಶಕುನ. ಒಂದು ಅಂಚು ಬಿಚ್ಚಿದರೂ ಹಾಲಿನಲ್ಲಿದ್ದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇದನ್ನು ಹೊಲಿದವರು ಯಾರು? ಗೆಳತಿಯರು ಬಸುರಿ ಚೀಲಗಳನ್ನು ಹೊತ್ತು ವೇದಿಕೆ ಹತ್ತಿ, ಫೋಟೋ ತೆಗೆಸಿಕೊಂಡು ಇಳಿಯುವ ತನಕ ಮನೆದೇವರನ್ನು ನೆನೆಯುತ್ತ ನಿಂತೆ. ಒಂದು ಕಾಳೂ ಉದುರಲಿಲ್ಲ.

ಬಿಚ್ಚದಿದ್ದದ್ದೇ ತಪ್ಪಾಯಿತು. ದೊಡ್ಡಮ್ಮ ಒಂದು ಚೀಲವನ್ನು ಜಗ್ಗಿ ನೋಡಿ, ‘ಭಾಳ ಗಟ್ಟಿ ಐತಿ. ಯಾರ ಕೈ ಇದು?’ ಎಂದರು.

‘ನಮ್ಮ ವೈನಿ ಹೊಲದಾರ್ರಿ!’ ಮದುಮಗಳು ವೇದಿಕೆಯಿಂದಲೇ ಕೂಗಿದಳು. ಕರಾರು ಅಲ್ಲಿಗೆ ಮುಗಿಯಿತು.

ಅತ್ತೆ ಗಾಬರಿಯಲ್ಲಿ ತಮ್ಮ ಹಳೆಯ ವಾಕ್ಯವನ್ನೇ ಹಿಡಿದುಕೊಂಡರು. ‘ನಮ್ಮ ಸೊಸಿ, ಬಿ.ಕಾಂ. ಆಗ್ಯಾಳ...’

‘ಹೌದಾ?’ ದೊಡ್ಡಮ್ಮ ಕಣ್ಣರಳಿಸಿದರು. ‘ಹೊಲಗೀಗೂ ಬಿ.ಕಾಂ. ಬಂದೈತೇನವಾ ಈಗ?’

ಅತ್ತೆ ನನ್ನ ಮುಖ ನೋಡಿದರು. ನಾನು ಚೀಲದ ಮುಖ ನೋಡಿದೆ. ‘ಬಂದೈತ್ರಿ ದೊಡ್ಡಮ್ಮ’ ಎಂದೆ.

‘ಹಂಗಾರ ನನ್ನ ಮೊಮ್ಮಗಳನ್ನೂ ಅದಕ್ಕ ಹಚ್ಚೂಣು. ಯಾವ ಕಾಲೇಜವಾ?’

ನನ್ನ ಕಾಲೇಜಿನ ಹೆಸರನ್ನೇ ಹೇಳಿದೆ. ಪೂರ್ತಿ ಸುಳ್ಳೂ ಅಲ್ಲ. ಕಾಸ್ಟಿಂಗ್ ಎಂಬ ವೆಚ್ಚದ ಲೆಕ್ಕದ ಪಾಠದ ಹೊತ್ತಿಗೆ ಕೊನೆಯ ಬೆಂಚಿನಲ್ಲಿ ಕೂತು ಬಸ್ತಿಯ ಅರ್ಧ ರವಿಕೆಗಳಿಗೆ ಹುಕ್ಕು ಹಾಕಿದ್ದೇನೆ. ಕಾಸ್ಟಿಂಗ್ ಈಗ ಒಂದಕ್ಷರ ನೆನಪಿಲ್ಲ.