ಪೊನ್ಸಿಯಾನೊಗೆ ಗಂಭೀರ ಗಾಯ

ಎಲ್ಲ ಶುರುವಾಗಿದ್ದು ಒಂದು ಕಾಗದದಿಂದ. ಗುರುವಾರ ಬೆಳಗ್ಗೆ ಪೊನ್ಸಿಯಾನೊ ಕಂಕುಳಲ್ಲೊಂದು ಕೋಳಿ, ಹೆಗಲ ಮೇಲೊಂದು ಗೆಣಸಿನ ಚೀಲ ಹೊತ್ತುಕೊಂಡು ದೋಣಿಕಟ್ಟೆಗೆ ಬಂದಾಗ ಅದು ಅಲ್ಲಿನ ಕಂಬಕ್ಕೆ ಅಂಟಿಕೊಂಡು ಕಾಯುತ್ತಿತ್ತು. ‘ಸಮುದ್ರವು ಎಲ್ಲರಿಗೂ ಸದಾ ತೆರೆದಿರಬೇಕೆಂಬ ಉದ್ದೇಶದಿಂದ ಅಮೆರಿಕ ಮತ್ತು ಫಿಲಿಪ್ಪೀನ್ಸ್ ಸೇನೆಗಳು ಜಂಟಿ ಸಮರಾಭ್ಯಾಸ ನಡೆಸುವುದರಿಂದ ಇಂದಿನಿಂದ ಮೂರು ದಿನ ಸಮುದ್ರವನ್ನು ಮುಚ್ಚಲಾಗಿದೆ.’ ಪೊನ್ಸಿಯಾನೊ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡ. ಮೂರನೇ ಸಲ ಕೋಳಿಗೂ ಕೇಳುವಂತೆ ಗಟ್ಟಿಯಾಗಿ ಓದಿದ. ಆಗಲೂ ಸಮುದ್ರ ತೆರೆಯಲಿಲ್ಲ.

ಬೇರೆ ಯಾವ ಗುರುವಾರವಾಗಿದ್ದರೂ ಅವನು ಮನೆಗೆ ಹೋಗಿ ಮಲಗಿಬಿಡುತ್ತಿದ್ದ. ಆದರೆ ಅವನ ಹೆಂಡತಿ ಫ್ಲೋರ್ ಕಡಲಾಚೆಯ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ನಮ್ಮ ದ್ವೀಪದಲ್ಲಿ ಡಾಕ್ಟರಿಲ್ಲ. ದಿನ ತುಂಬಿದ ಹೆಂಗಸರು ವಾರ ಮೊದಲೇ ತಾಯಿಯನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗಿ ಮಲಗುತ್ತಾರೆ. ಶುಕ್ರವಾರ ಹೆರಿಗೆ ಎಂದು ಡಾಕ್ಟರ್ ಹೇಳಿದ್ದರು. ಮೊದಲನೆಯ ಮಗು ಹುಟ್ಟಿದಾಗ ಪೊನ್ಸಿಯಾನೊ ಹಾರುಮೀನು ಹಿಡಿಯಲು ಹೋಗಿದ್ದ. ಎರಡನೆಯದು ಹುಟ್ಟಿದಾಗ ಚಂಡಮಾರುತ ಬಂದು, ಪಕ್ಕದ ಮನೆಯ ಹುಲ್ಲಿನ ಮಾಡು ಹಾರಿಹೋಗದಂತೆ ಅದರ ಮೇಲೆ ಬೋರಲಾಗಿ ಮಲಗಿದ್ದ. ಈ ಎರಡು ಸಂಗತಿಗಳನ್ನು ಅವನ ಅತ್ತೆ ತೆಲೆಸ್ಫೋರಾ ಊರಿನ ಪ್ರತಿ ಮದುವೆಯಲ್ಲೂ ಹೇಳುತ್ತಿದ್ದಳು. ಫ್ಲೋರ್ ಹೊರಡುವಾಗ ಹೆಚ್ಚು ಮಾತಾಡಿರಲಿಲ್ಲ. “ಈ ಸಲವೂ ನೀವು ಬರದಿದ್ರೆ, ಮಗೂಗೆ ನಿಮ್ಮ ಫೋಟೋ ತೋರಿಸಿ ಬೆಳೆಸ್ತೀನಿ” ಅಂದಿದ್ದಳು. ಅವಳು ಹೇಳಿದ್ದನ್ನು ಮಾಡುವ ಹೆಂಗಸು.

“ಕದ್ದು ದಾಟಿಸ್ತೀಯೇನಪ್ಪಾ?” ಎಂದು ಅವನು ದೋಣಿಯ ಫೌಸ್ತೊನನ್ನು ಅಂಗಲಾಚಿದ.

ಫೌಸ್ತೊ ದಿಗಂತದಲ್ಲಿ ನಿಂತಿದ್ದ ಬೂದುಬಣ್ಣದ ಯುದ್ಧನೌಕೆಯತ್ತ ಗದ್ದ ಚಾಚಿ ತೋರಿಸಿದ. “ನನ್ನ ಎಂಜಿನ್ ಶುರು ಮಾಡಿದ್ರೆ ಪಕ್ಕದ ದ್ವೀಪದ ನಾಯಿಗಳೆಲ್ಲ ಬೊಗಳ್ತವೆ. ಅವರ ಕಣ್ಣು ತಪ್ಪಿಸೋಕಾಗುತ್ತಾ ಮಾರಾಯ? ಹೋಗು, ಕಪಿತಾನಾನ ಕೇಳು. ಇವತ್ತು ಅವಳೇ ಸರ್ಕಾರ, ಅವಳೇ ಅಮೆರಿಕ.”

ಕಪಿತಾನಾ ಅಂದರೆ ನಮ್ಮೂರ ಮುಖ್ಯಸ್ಥೆ ವಿಸಿತಾ. ಶಾಲೆಯ ಮೈದಾನದಲ್ಲಿ ಅಮೆರಿಕದವರು ಹಾಕಿದ ಡೇರೆಗಳ ನಡುವೆ, ಕೈಯಲ್ಲೊಂದು ಧ್ವನಿವರ್ಧಕ ಹಿಡಿದು ಅವಳು ಕೂಗುತ್ತಿದ್ದಳು. ಪಕ್ಕದಲ್ಲಿ ಮೇಜರ್ ಹಾಲ್ವರ್ಸನ್ ಎಂಬ ಆಜಾನುಬಾಹು, ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದ ಮುಖ ಹೊತ್ತು ವಿನಯದಿಂದ ನಿಂತಿದ್ದ. ಊರಿಗೆ ಊರೇ ನೆರೆದಿತ್ತು. ಸಮರಾಭ್ಯಾಸಕ್ಕೆ ಐವತ್ತು ಮಂದಿ ಗಾಯಾಳುಗಳು ಬೇಕಾಗಿದ್ದರು.

“ಒಂದು ದೇಶ ನಿಮ್ಮ ದ್ವೀಪದ ಮೇಲೆ ದಾಳಿ ಮಾಡಿದೆ ಅಂತ ಇಟ್ಕೊಳ್ಳಿ” ಎಂದು ಮೇಜರ್ ವಿವರಿಸಿದ.

“ಯಾವ ದೇಶ?” ಎಂದ ಮುದುಕ ಯೂಫೆಮಿಯೊ.

“ಹೆಸರು ಹೇಳೋ ಹಾಗಿಲ್ಲ. ಅದು ಉತ್ತರ ದಿಕ್ಕಲ್ಲಿರೋ ಒಂದು ದೊಡ್ಡ ದೇಶ, ಅಷ್ಟೇ.”

“ನನ್ನ ಟಾರ್ಚು ಮಾಡಿರೋ ದೇಶಾನಾ?”

“ನಾನು ಯಾವ ದೇಶದ ಹೆಸರನ್ನೂ ಹೇಳಿಲ್ಲ ತಾತಾ.”

ಯೂಫೆಮಿಯೊ ತಾನು ಕೂತಿದ್ದ ಮಡಚುವ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದ. ಅಮೆರಿಕದವರೇ ತಂದ ಕುರ್ಚಿ ಅದು. “ನೀವು ಹೇಳದಿದ್ರೇನು, ಇಲ್ಲಿ ಕೆಳಗೆ ಬರೆದಿದೆ” ಎಂದ. ಮೇಜರ್ ಸಮುದ್ರದ ಕಡೆ ನೋಡಿದ.

ಕಾರ್ಡು ಹಂಚುವುದು ಶುರುವಾಯಿತು. ಹಸಿರು ಕಾರ್ಡಿನವರಿಗೆ ಸಣ್ಣ ಗಾಯ: ಒಂದು ಬ್ಯಾಂಡೇಜು, ಎರಡು ಬಿಸ್ಕತ್ತು, ಮನೆಗೆ ಹೋಗಬಹುದು. ಹಳದಿಯವರು ಡೇರೆಯಲ್ಲಿ ನರಳಬೇಕು. ಕಪ್ಪು ಕಾರ್ಡು ಬಂದರೆ ಸತ್ತಂತೆ. ಸಂಜೆಯವರೆಗೆ ಟಾರ್ಪಾಲಿನಡಿ ಮಲಗಿರಬೇಕು. ಕೆಂಪು ಕಾರ್ಡಿನವರಿಗೆ ಮಾತ್ರ ಗಂಭೀರ ಗಾಯ. ಅಂಥವರು ಆರು ಜನ. ಅವರನ್ನು ಹೆಲಿಕಾಪ್ಟರಿನಲ್ಲಿ ಕಡಲಾಚೆಯ ಪಟ್ಟಣದ ಆಸ್ಪತ್ರೆಗೆ ಸಾಗಿಸಲಾಗುತ್ತದೆ.

ಪೊನ್ಸಿಯಾನೊನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಹೆಲಿಕಾಪ್ಟರ್ ಎಂಬ ಮಾತು ಅವನೊಬ್ಬನ ಕಿವಿಗೇ ಬಿದ್ದದ್ದಲ್ಲ. ಮರುಗಳಿಗೆಯಲ್ಲಿ ಇಡೀ ಊರಿಗೆ ಸಾಯುವಂಥ ಗಾಯ ಬೇಕಾಯಿತು.

“ನನ್ನ ಕಾಲು ಕತ್ತರಿಸಿಹೋಗಿದೆ ಅಂತ ಬರ್ಕೊಳ್ಳಿ” ಎಂದಳು ಅಂಗಡಿಯ ಯೂಲಾಲಿಯಾ. ಪೇಟೆಯಿಂದ ಸಾಮಾನು ತರಲು ಎರಡು ಖಾಲಿ ಚೀಲ ಆಗಲೇ ಕೈಯಲ್ಲಿತ್ತು.

“ಇವಳಿಗೆ ಒಂದು ಕಾಲು ಹೋದ್ರೆ ನಂಗೆ ಎರಡೂ ಹೋಗಲಿ” ಎಂದಳು ಅವಳ ನಾದಿನಿ.

ಪೊನ್ಸಿಯಾನೊ ಮೊದಲಿಂದಲೂ ನೂಕುನುಗ್ಗಲಿನ ಮನುಷ್ಯನಲ್ಲ. ಸಾಲಿನಲ್ಲಿ ಸರಿಯಾಗಿ ನಿಂತ. ಹಾಗೆ ನಿಂತವನು ಊರಿಗೆ ಅವನೊಬ್ಬನೇ ಆಗಿದ್ದರಿಂದ ಅವನ ಸರದಿ ಬಂದಾಗ ಉಳಿದಿದ್ದದ್ದು ಒಂದೇ ಕಾರ್ಡು. ಕಪ್ಪು.

“ಕಪಿತಾನಾ, ನಾನು ಸಾಯೋ ಹಾಗಿಲ್ಲ! ಫ್ಲೋರ್‌ಗೆ ನಾಳೆ ಹೆರಿಗೆ!”

“ನಂಗೊತ್ತಿಲ್ವೇನಯ್ಯಾ? ಪಟ್ಟಿ ನನ್ನ ಕೈಲಿಲ್ಲ, ಮೇಜರ್ ಕೈಲಿದೆ. ಹೋಗಿ ಕೇಳು. ಕೇಳೋವಾಗ ಸ್ವಲ್ಪ ಅಳು.”

ಅಳಬೇಕಾಗಿ ಬರಲಿಲ್ಲ, ತಾನಾಗಿಯೇ ಕಣ್ಣೀರು ಬಂತು. ಮೇಜರ್ ಹಾಲ್ವರ್ಸನ್ ಒಳ್ಳೆಯವನು. ಎಲ್ಲವನ್ನೂ ಕೇಳಿಸಿಕೊಂಡ, ಭುಜದ ಮೇಲೆ ಕೈಯಿಟ್ಟ, ತನಗೂ ಇಬ್ಬರು ಹೆಣ್ಣುಮಕ್ಕಳು ಎಂದು ಫೋಟೋ ತೋರಿಸಿದ. ಆಮೇಲೆ ಹೇಳಿದ: “ಸರ್, ನಿಮ್ಮದು ನಿಜವಾದ ತುರ್ತು. ನನಗೆ ಅನುಮತಿ ಇರೋದು ಸುಳ್ಳು ತುರ್ತಿಗೆ ಮಾತ್ರ. ನಿಜವಾದದ್ದಕ್ಕೆ ಬೇರೆ ಅರ್ಜಿ ಇದೆ. ಅದು ಹವಾಯಿಗೆ ಹೋಗುತ್ತೆ. ಸೋಮವಾರದೊಳಗೆ ಉತ್ತರ ಬರಬಹುದು.”

“ಸೋಮವಾರದ ಹೊತ್ತಿಗೆ ನನ್ನ ಮಗು ನಗೋಕೆ ಕಲಿತಿರುತ್ತೆ ಸ್ವಾಮೀ!”

“ನಿಮ್ಮ ದ್ವೀಪದ ಭದ್ರತೆ ನಮಗೆ ಬಹಳ ಮುಖ್ಯ ಸರ್” ಎಂದು ಮೇಜರ್ ನಿಜವಾಗಿಯೂ ಮರುಗಿ ಹೇಳಿದ. “ಈಗ ದಯವಿಟ್ಟು ಹೋಗಿ ಮಲಗಿ. ನೀವು ಸತ್ತಿದ್ದೀರಿ.”

ಟಾರ್ಪಾಲಿನಡಿ ಮಲಗಿದ ಪೊನ್ಸಿಯಾನೊಗೆ ಪಕ್ಕದ ಬೆಂಚಿನ ಮೇಲೆ ಯೂಫೆಮಿಯೊ ಕಂಡ. ಮುದುಕನಿಗೆ ಕೆಂಪು ಕಾರ್ಡು ಸಿಕ್ಕಿತ್ತು: ತಲೆಗೆ ಪೆಟ್ಟು, ಎರಡೂ ಕಣ್ಣು ಹೋಗಿವೆ, ಮಾತು ನಿಂತಿದೆ. ಕಾರ್ಡಿನಲ್ಲಿ ಹೆಸರಿಲ್ಲ, ಗಾಯ ಮಾತ್ರ. ಅಷ್ಟರಲ್ಲಿ ಹೆಲಿಕಾಪ್ಟರ್ ಮೈದಾನಕ್ಕೆ ಇಳಿಯಿತು. ಅದರ ಗಾಳಿಗೆ ಎರಡು ಡೇರೆ ಮಗುಚಿದವು, ಯೂಲಾಲಿಯಾಳ ಖಾಲಿ ಚೀಲಗಳು ಇಗರ್ಜಿಯ ಗೋಪುರ ದಾಟಿ ಹಾರಿಹೋದವು. ಯೂಫೆಮಿಯೊನ ಜೀವ ಬಾಯಿಗೆ ಬಂತು.

“ತಾತಾ, ಹೆದರಿಕೆಯಾದ್ರೆ ಅದಲುಬದಲು ಮಾಡ್ಕೊಳ್ಳೋಣ” ಎಂದು ಹೆಣ ಪಿಸುಗುಟ್ಟಿತು. “ಇಲ್ಲಿ ನೆರಳಿದೆ, ಆರಾಮಾಗಿ ಮಲಗಿರಬಹುದು.”

ಮುದುಕನಿಗೆ ಒಳಗೊಳಗೇ ಖುಷಿಯಾದರೂ ಮುಖ ಗಂಟು ಹಾಕಿದ. “ಆ ಗೆಣಸು?”

“ತಗೋ.”

“ಕೋಳಿ?”

“ಕೋಳಿ ಬೇಡ ತಾತಾ, ಅದು ಬಾಣಂತಿ ಸಾರಿಗೆ.”

“ನಂದು ಕಣ್ಣು ಹೋಗಿದೆ, ನಾಲಿಗೆ ಬಿದ್ದಿದೆ, ತಲೆ ಒಡೆದಿದೆ. ಇಷ್ಟೊಂದು ಗಾಯ ಗೆಣಸಿಗೆ ಕೊಡ್ತಾರೇನೋ?”

ಕೋಳಿಯೂ ಹೋಯಿತು. ಯಾರಿಗೂ ಹೇಳುವುದಿಲ್ಲವೆಂದು ಮಾತುಕೊಟ್ಟು ಯೂಫೆಮಿಯೊ ತೃಪ್ತಿಯಿಂದ ಸತ್ತ. ಪೊನ್ಸಿಯಾನೊ ಕೆಂಪು ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಬಣ್ಣ ಹಚ್ಚುವವರ ಮುಂದೆ ಕೂತ. ಅವರು ಅವನ ತಲೆಯ ಮೇಲೆ ಅರ್ಧ ಬಾಟಲಿ ಕೆಂಪು ನೀರು ಸುರಿದು, ಕಣ್ಣಿನಿಂದ ಗಲ್ಲದವರೆಗೆ ಬಟ್ಟೆ ಸುತ್ತಿದರು. ಆ ಬಟ್ಟೆಯೊಳಗೆ ಇರುವವನು ಯಾರೆಂದು ಹೆತ್ತ ತಾಯಿಗೂ ಗೊತ್ತಾಗುವಂತಿರಲಿಲ್ಲ.

“ಗಮನವಿಟ್ಟು ಕೇಳಿ” ಎಂದು ಮೇಜರಿನ ದನಿ ಕೇಳಿತು. “ಯಾರು ಗಾಯ ಮರೆತು ಎದ್ದು ಕೂರ್ತಾರೋ, ಮಾತು ನಿಂತವರು ಯಾರು ಮಾತಾಡ್ತಾರೋ, ಅವರನ್ನ ಅದೇ ಹೆಲಿಕಾಪ್ಟರಲ್ಲಿ ವಾಪಸ್ಸು ಕಳಿಸ್ತೀವಿ. ಆಸ್ಪತ್ರೆ ಹಾಸಿಗೆ ಮುಟ್ಟೋವರೆಗೂ ಶಿಸ್ತು.”

ಪೊನ್ಸಿಯಾನೊ ಹಲ್ಲು ಕಚ್ಚಿ ಹಿಡಿದ. ಹೆಲಿಕಾಪ್ಟರ್ ಮೇಲೇರಿದಾಗ ಯೂಲಾಲಿಯಾಳ ನಾದಿನಿ ಅವನ ಎದೆಯ ಮೇಲೆ ವಾಂತಿ ಮಾಡಿಕೊಂಡಳು. ಅವನು ಚಕಾರವೆತ್ತಲಿಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ಇಪ್ಪತ್ತೇ ನಿಮಿಷ. ಬಟ್ಟೆಯೊಳಗೆ ಅವನು ನಗುತ್ತಿದ್ದ. ಇಪ್ಪತ್ತು ನಿಮಿಷ, ಆಮೇಲೆ ಫ್ಲೋರ್.

ಪಟ್ಟಣದ ಮೈದಾನದಲ್ಲಿ ಸ್ಟ್ರೆಚರುಗಳನ್ನು ಹುಲ್ಲಿನ ಮೇಲೆ ಸಾಲಾಗಿ ಇಳಿಸಿದರು. ರೆಕ್ಕೆಯ ಗದ್ದಲದ ನಡುವೆ ಯಾರೋ ಗಟ್ಟಿಯಾಗಿ ಗದರುವುದು ಕೇಳಿಸಿತು.

“ಏಯ್, ದಾರಿ ಬಿಡ್ರೋ! ಈ ಹೆಣಗಳನ್ನ ಒಂದ್ಚೂರು ಪಕ್ಕಕ್ಕೆಳೀರಿ!”

ಪೊನ್ಸಿಯಾನೊನ ಮೈ ಝುಮ್ಮೆಂದಿತು. ಆ ಗಂಟಲು ಅವನ ಅತ್ತೆ ತೆಲೆಸ್ಫೋರಾಳದು. ಹನ್ನೊಂದು ವರ್ಷದಲ್ಲಿ ಆ ದನಿ ಕೇಳಿ ಅವನಿಗೆ ಸಂತೋಷವಾದದ್ದು ಅದೇ ಮೊದಲು. ತಮಾಷೆ ನೋಡಲು ಆಸ್ಪತ್ರೆಯಿಂದ ಹೊರಗೆ ಬಂದಿದ್ದಾಳೆ ಎಂದುಕೊಂಡ. ‘ಅತ್ತೇ, ನಾನೇ!’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೇಜರ್ ಹೇಳಿದ್ದು ನೆನಪಾಗಿ ಅದನ್ನು ಅಲ್ಲೇ ನುಂಗಿದ. ಬಾಯಿಬಿಟ್ಟರೆ ವಾಪಸ್ಸು ಕಳಿಸಿಬಿಡುತ್ತಾರೆ. ಇನ್ನು ಹತ್ತು ನಿಮಿಷ ತಡೆದುಕೊಂಡರೆ ಆಯಿತು.

ಅತ್ತೆಯ ಚಪ್ಪಲಿಯ ಸದ್ದು ಅವನ ಸ್ಟ್ರೆಚರಿನ ಬಳಿ ಬಂದು ನಿಂತಿತು. “ಅಯ್ಯೋ ಪಾಪವೇ” ಎಂದಳು ಅವಳು, ಅವನ ಜೊತೆ ಎಂದೂ ಆಡದ ಮೃದುವಾದ ದನಿಯಲ್ಲಿ. “ಯಾವ ತಾಯಿ ಹೆತ್ತ ಮಗನೋ. ಇವನ ಹೆಂಡತಿ ಎಲ್ಲಿದ್ದಾಳೋ ಏನೋ.” ಸ್ಟ್ರೆಚರು ಮೇಲೆದ್ದಿತು. ಹಿಂದೆ ಹೆಲಿಕಾಪ್ಟರ್ ಮತ್ತೆ ಹಾರಿಹೋದ ಸದ್ದಾಯಿತು.

ಹಾಸಿಗೆಯ ಮೇಲೆ ಮಲಗಿಸಿ ಕಣ್ಣಿನ ಬಟ್ಟೆ ಬಿಚ್ಚಿದವಳು ಕೊನ್ಸೋರ್ಸಿಯಾ, ಕಪಿತಾನಾಳ ತಂಗಿಯ ಮಗಳು, ಅಲ್ಲಿ ನರ್ಸು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಪೊನ್ಸಿಯಾನೊ ಅಣ್ಣಾ! ನೀನಿಲ್ಲಿ ಏನ್ಮಾಡ್ತಿದ್ದೀಯಾ?”

“ಗಾಯಾಳು ಕಣಮ್ಮಾ!” ಎಂದು ಅವನು ಎದ್ದು ಕೂತು ಗಹಗಹಿಸಿ ನಕ್ಕ. “ಹಾಸಿಗೆ ಮುಟ್ಟಿದೆನಲ್ಲ, ಇನ್ನು ಯಾವ ಮೇಜರೂ ನನ್ನ ವಾಪಸ್ಸು ಕಳಿಸೋ ಹಾಗಿಲ್ಲ. ಎಲ್ಲಿ ಫ್ಲೋರ್? ಯಾವ ಹಾಸಿಗೆ?”

ಕೊನ್ಸೋರ್ಸಿಯಾ ಅವನು ಕೂತಿದ್ದ ಹಾಸಿಗೆಯನ್ನೇ ನೋಡಿದಳು.

“ಇದೇ” ಎಂದಳು.

“ಅಂದ್ರೆ?”

“ಇದೇ ಹಾಸಿಗೆ ಅಣ್ಣಾ. ನಮ್ಮಲ್ಲಿರೋದು ಹನ್ನೆರಡೇ ಹಾಸಿಗೆ. ಗಂಭೀರ ಗಾಯದವರು ಆರು ಜನ ಬರ್ತಾರೆ, ಜಾಗ ಮಾಡಿ ಅಂತ ಬೆಳಗ್ಗೆ ಆದೇಶ ಬಂತು. ಓಡಾಡೋಕೆ ಆಗೋರನ್ನ ಹೆಲಿಕಾಪ್ಟರಲ್ಲಿ ಊರಿಗೆ ಬಿಡ್ತೀವಿ ಅಂದ್ರು. ದ್ವೀಪದ ಡೇರೇಲಿ ಅಮೆರಿಕದ ಡಾಕ್ಟರೇ ಇದ್ದಾರಲ್ಲ, ಹೆರಿಗೆಗೂ ತೊಂದರೆ ಇಲ್ಲ ಅಂದ್ರು. ಫ್ಲೋರ್ ಅಕ್ಕ ತಾನಾಗೇ ಕೈಯೆತ್ತಿದಳು.”

“ತಾನಾಗೇ? ಯಾಕೆ?”

“‘ಸಮುದ್ರ ಮುಚ್ಚಿದೆ, ಅವರು ಬರೋಕಾಗಲ್ಲ. ನಾನೇ ಮನೆಗೆ ಹೋಗಿಬಿಟ್ರೆ ಈ ಸಲ ಹೇಗೆ ತಪ್ಪಿಸ್ಕೊಳ್ತಾರೆ ನೋಡೋಣ’ ಅಂದಳು.”

ಪೊನ್ಸಿಯಾನೊ ಕಿಟಕಿಗೆ ಓಡಿದ. ಮೈದಾನ ಖಾಲಿಯಿತ್ತು. ಹೆಲಿಕಾಪ್ಟರ್ ಮತ್ತೆ ಯಾವಾಗ ಬರುತ್ತದೆಂದು ಬಾಗಿಲಿನ ಸೈನಿಕನನ್ನು ಕೇಳಿದ. ಶನಿವಾರ ಎಂದ ಸೈನಿಕ. ತನ್ನನ್ನು ಶಿಸ್ತು ಮುರಿದವನೆಂದು ಈಗಲೇ ವಾಪಸ್ಸು ಕಳಿಸಿ ಎಂದು ಪೊನ್ಸಿಯಾನೊ ಕೈಮುಗಿದ. ಎರಡೂ ಕಣ್ಣು ಚೆನ್ನಾಗಿವೆ ಎಂದು ತೋರಿಸಿದ, ಗಟ್ಟಿಯಾಗಿ ಹಾಡಿದ, ಕುಣಿದ. ಸೈನಿಕ ಅವನ ಕೆಂಪು ಕಾರ್ಡನ್ನು ಓದಿ, “ತಲೆಗೆ ಪೆಟ್ಟು, ಸರಿಯಾಗೇ ಇದೆ” ಎಂದು ಮಲಗಿಸಿದ.

ನಾಲ್ಕು ಗಂಟೆಯ ಹೊತ್ತಿಗೆ ಕೊನ್ಸೋರ್ಸಿಯಾಳ ಫೋನು ಬಡಿದುಕೊಂಡಿತು. ಆ ಕಡೆ ಕಪಿತಾನಾ. ಧ್ವನಿವರ್ಧಕ ಹಿಡಿದವಳಂತೆ ಕೂಗುತ್ತಿದ್ದಳು. “ಹೆಲಿಕಾಪ್ಟರ್ ಕುಲುಕಾಟಕ್ಕೆ ಇಳಿಯೋಷ್ಟರಲ್ಲೇ ನೋವು ಶುರು! ಡೇರೇಲೇ ಹೆರಿಗೆ. ಹೆಣ್ಣುಮಗು, ಎಂಥ ಗಂಟಲು ಅಂತೀಯಾ, ಅಜ್ಜೀದೇ! ಸತ್ತೋರೆಲ್ಲ ಎದ್ದು ಬಂದು ನೋಡಿದ್ರು. ಯೂಫೆಮಿಯೊ ಕೋಳಿ ಸಾರು ಮಾಡಿಸಿ ಬಾಣಂತಿಗೆ ಕೊಟ್ಟ, ಪುಣ್ಯಾತ್ಮ. ಮೇಜರಂತೂ ಕುಣೀತಿದ್ದಾನೆ. ಸಮರಾಭ್ಯಾಸ ಪೂರ್ತಿ ಯಶಸ್ವಿ ಅಂತ ವರದಿ ಬರೀತಿದ್ದಾನೆ. ಇಡೀ ದ್ವೀಪ ಇಲ್ಲೇ ಇದೆ ಕಣೇ, ಆ ಪೊನ್ಸಿಯಾನೊ ಒಬ್ಬ ಎಲ್ಲಿ ಸತ್ತನೋ ಗೊತ್ತಿಲ್ಲ!”

ಕೊನ್ಸೋರ್ಸಿಯಾ ಫೋನನ್ನು ಅವನ ಕೈಗೆ ಕೊಟ್ಟಳು. ಆ ಕಡೆಯಲ್ಲೂ ಫೋನು ಕೈ ಬದಲಾಯಿಸಿತು. ಮಗುವಿನ ಅಳು ಕೇಳಿತು, ಅತ್ತೆ ಯಾರಿಗೋ ಹಾರುಮೀನಿನ ಕಥೆ ಹೇಳುತ್ತಿದ್ದುದು ಕೇಳಿತು, ಆಮೇಲೆ ದಣಿದ ಫ್ಲೋರಳ ದನಿ.

“ಹಲೋ?”

“ಫ್ಲೋರ್” ಎಂದ ಅವನು.

“ನಿಮಗೋಸ್ಕರ ಸಮುದ್ರ ದಾಟಿ ಮನೆ ಬಾಗಿಲಿಗೇ ಬಂದು ಹೆತ್ತೆ” ಎಂದಳು ಅವಳು. “ಆದ್ರೂ ನೀವಿಲ್ಲ. ನಿಜ ಹೇಳಿ, ಎಲ್ಲಿ ಬಿದ್ಕೊಂಡಿದ್ದೀರಿ?”

ಪೊನ್ಸಿಯಾನೊ ದಿಂಬಿನ ಮೇಲೆ ಬಿದ್ದಿದ್ದ ಅವಳ ಉದ್ದನೆಯ ಕೂದಲೊಂದನ್ನು ಎತ್ತಿಕೊಂಡ.

“ನಿನ್ನ ಹಾಸಿಗೇಲಿ” ಎಂದ.