ಒಳಗಾಲಿನ ಅಳತೆ

ಟೇಲರಿಗೆ ಬೇಕಾಗಿದ್ದದ್ದು ಒಂದೇ, ಯಾರ ಮಾತೂ ಕಿವಿಗೆ ಬೀಳದ ಒಂದು ಗಂಟೆ. ಅವನ ಅಂಗಡಿಯ ಬೆಂಚಿನ ಮೇಲೆ ಬೆಳಗಾದರೆ ಮೂವರು ಬೀಡುಬಿಡುತ್ತಿದ್ದರು. ಹೆಂಡತಿಯ ಅಣ್ಣನಾದ ಭಾವ, ನಿವೃತ್ತ ಮೇಷ್ಟ್ರು, ಪಕ್ಕದ ಸಲೂನಿನವನು. ಗುಂಡಿ ಹಚ್ಚುವುದಕ್ಕೂ ಸಲಹೆ ಕೊಡುವ ಜನ. ರೋಸಿಹೋಗಿ ಟೇಲರು ಹಳೆಯ ದೋಣಿಯೊಂದನ್ನು ಕೊಂಡಿದ್ದ. ಆದರೆ ಅವರ ದನಿ ಕೇಳಿಸದಷ್ಟು ದೂರ ಹುಟ್ಟು ಹಾಕುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು. ಅದಕ್ಕೇ ಈಗ ಮೋಟರು ತಂದು, ಅಂಗಡಿಗೆ ಬೀಗ ಹಾಕಿ, ಯಾರಿಗೂ ಹೇಳದೆ ಅಂಗಡಿಯ ಹಿಂದಿನ ಕೆರೆಗೆ ಬಂದಿದ್ದ.

ಮೋಟರನ್ನು ದೋಣಿಯ ಹಿಂಬದಿಯ ಹಲಗೆಗೆ ಬಿಗಿದು ಹಗ್ಗ ಎಳೆದ. ಅದು ಗಂಟಲು ಹರಿಯುವಂತೆ ಅರಚಿತು, ದೋಣಿ ಮಾತ್ರ ಜಗ್ಗಲಿಲ್ಲ. ಬಗ್ಗಿ ನೋಡಿದರೆ ಮೋಟರಿನ ಕಾಲು ಗಿಡ್ಡ. ತುದಿಯ ರೆಕ್ಕೆ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ಸುತ್ತುತ್ತಿತ್ತು.

ಆ ಸದ್ದಿಗೆ ಮೂವರೂ ಹಾಜರಾದರು. ಹಲಗೆಯ ಎತ್ತರ ಅಳೆದೇ ಮೋಟರು ತಂದೆ ಎಂದು ಟೇಲರು ವಾದಿಸಿದ. ಹೇಗೆ ಅಳೆದೆ ತೋರಿಸು ಎಂದರು ಮೇಷ್ಟ್ರು. ಅವನು ಕೊರಳಿನ ಟೇಪು ತೆಗೆದು, ದೋಣಿಯೊಳಗೆ ಕೂತು, ಕಾಲಿಡುವ ಜಾಗದಿಂದ ಮೇಲಕ್ಕೆ ಹಿಡಿದ.

“ಪ್ಯಾಂಟಿಗೆ ತಗೊಳ್ಳೋ ಹಾಗೆ ಒಳಗಾಲಿನ ಅಳತೆ ತಗೊಂಡಿದೀಯಲ್ಲಯ್ಯಾ,” ಎಂದರು ಮೇಷ್ಟ್ರು. “ಹೊರಗಡೆಯಿಂದ, ದೋಣಿಯ ತಳದವರೆಗೆ ಅಳೀಬೇಕು.”

ಟೇಲರು ನಾಚಿಕೆಯಿಂದ ಹಿಡಿಯಷ್ಟಾದ. ಫೋನು ಮಾಡಿದರೆ, ಮಾರಿದವನು ನೀರಿಗಿಳಿದ ಮೋಟರು ವಾಪಸ್ಸಿಲ್ಲ ಎಂದುಬಿಟ್ಟ. ಹಲಗೆಯನ್ನೇ ಒಂದಿಷ್ಟು ಟ್ರಿಮ್ ಮಾಡೋಣ ಎಂದು ಸಲೂನಿನವನು ಗರಗಸ ತಂದ. ಟೇಲರು ಹಲಗೆ ತಬ್ಬಿಕೊಂಡು ಅದನ್ನು ಉಳಿಸಿಕೊಂಡ. ಭಾವ ಮೋಟರನ್ನು ಒಂದು ಗೇಣು ಕೆಳಗೆ ಹಗ್ಗದಲ್ಲಿ ನೇತುಹಾಕಿದ. ಚಾಲು ಮಾಡಿದೊಡನೆ ಅದು ಒದ್ದಾಡಿ ಟೇಲರ ಮುಖಕ್ಕೇ ನೀರೆರಚಿತು. ಬಿಚ್ಚಿ ಮತ್ತೆ ಮೊದಲಿನಂತೆ ಬಿಗಿದಾಯಿತು. ಮಧ್ಯಾಹ್ನ ದಾಟಿದರೂ ಟೇಲರು ನಿಂತಲ್ಲಿ ನಿಲ್ಲಲಾರದೆ ದಡದುದ್ದಕ್ಕೂ ಓಡಾಡುತ್ತಿದ್ದ. ಇವತ್ತೂ ಹೋಯಿತಲ್ಲ ಎಂದು ಗೊಣಗುತ್ತಿದ್ದ.

ಕೊನೆಗೆ ಹತ್ತಿರದಿಂದಲೇ ನೋಡಬೇಕೆಂದು ಮೂವರೂ ದೋಣಿ ಹತ್ತಿ ಹಿಂದುಗಡೆ ಒತ್ತೊತ್ತಾಗಿ ಕೂತರು. ಆ ಭಾರಕ್ಕೆ ಹಿಂಭಾಗ ತಗ್ಗಿ ರೆಕ್ಕೆ ಪೂರ್ತಿ ನೀರಿಗಿಳಿಯಿತು. ಟೇಲರು ಹಗ್ಗ ಎಳೆದ. ದೋಣಿ ನುಣ್ಣಗೆ ಕೆರೆಯ ನಡುವಿಗೆ ಹೋಗಿ ತಿರುಗಿ ಬಂತು.

ಟೇಲರಿಗೆ ಉಪಾಯ ಸಿಕ್ಕಿತು. ಮೂವರನ್ನೂ ಇಳಿಸಿ, ಅವರ ಜಾಗಕ್ಕೆ ಅವಸರ ಅವಸರವಾಗಿ ಕಲ್ಲು ಹೇರತೊಡಗಿದ. ಕತ್ತಲಾಗುವುದರೊಳಗೆ ಅವನ ಒಂದು ಗಂಟೆ ಅವನಿಗೆ ಸಿಕ್ಕೇಬಿಡುತ್ತಿತ್ತು. ಅಷ್ಟರಲ್ಲಿ ಗಂಡನನ್ನು ಹುಡುಕಿಕೊಂಡು ಹೆಂಡತಿ ಬಂದಳು.

“ನಿಮಗೂ ಈಜು ಬರಲ್ಲ, ಕಲ್ಲಿಗೂ ಬರಲ್ಲ,” ಎಂದಳು. “ಈ ಮೂವರಿಗೂ ಬರುತ್ತೆ. ಇವರನ್ನ ಬಿಟ್ಟು ದೋಣಿ ಹತ್ತಿದ್ರೆ ಮನೆ ಕಡೆ ಬರಬೇಡಿ.”

ಕಲ್ಲು ಇಳಿಯಿತು, ಮೂವರೂ ಹತ್ತಿದರು. ಕೆರೆಯ ನಡುವೆ ಟೇಲರು ಬೇಸರದಿಂದ ಮೋಟರು ನಿಲ್ಲಿಸಿದ. ಸುತ್ತ ಎಳ್ಳಷ್ಟೂ ಸದ್ದಿಲ್ಲ. ಮೇಷ್ಟ್ರಿಗೆ ಜಾಗ ಬಹಳ ಹಿಡಿಸಿತು.

“ಅಂಗಡಿಗಿಂತ ಇದೇ ವಾಸಿ ಕಣಯ್ಯಾ,” ಎಂದರು ಕಾಲು ಚಾಚಿ. “ಮಧ್ಯೆ ಮಧ್ಯೆ ಗಿರಾಕಿ ಬಂದು ನಮ್ಮ ಮಾತು ಕೆಡಿಸಲ್ಲ. ನಾಳೆಯಿಂದ ದಿನಾ ಬರೋಣ.”